ಕಾಕಾ ಸ್ಕ್ಯಾನ್ ಮಾಡಂಗಿಲ್ಲ

ಬೆಳಗಾವಿ ಕ್ಯಾಂಪಿನ ಚಹಾದಂಗಡಿಯಲ್ಲಿ ನಮ್ಮ ಕಾಕಾ ಕ್ರಿಸ್ತವಿರೋಧಿಯನ್ನು, ಅಂದರೆ ಕೊನೆಗಾಲದಲ್ಲಿ ಬರುತ್ತಾನೆಂದು ಕ್ರೈಸ್ತರು ನಂಬುವ ಕ್ರಿಸ್ತನ ವೈರಿಯನ್ನು, ಪತ್ತೆಹಚ್ಚಿದ್ದಾರೆ. ಗಲ್ಲಾದ ಮೇಲೆ, ಖಾರಿ ಬಿಸ್ಕತ್ತಿನ ಬರಣಿಗೆ ಒರಗಿ ನಿಂತಿದ್ದಾನಂತೆ. ನೋಡಿದರೆ ಕಪ್ಪು-ಬಿಳಿ ಚೌಕ, ಮೂಲೆಯಲ್ಲೊಂದು ಚಹಾದ ಕಲೆ. ಕ್ಯೂಆರ್ ಕೋಡ್!

"ಪ್ರಕಟನೆ ಹದಿಮೂರನೇ ಅಧ್ಯಾಯ ಓದೀಯೇನು? ಗುರುತು ಇಲ್ಲದಾವ ಕೊಳ್ಳಂಗಿಲ್ಲ, ಮಾರಂಗಿಲ್ಲ ಅಂತೈತಿ."

ಪ್ರಕಟನೆ ಅಂದರೆ ಬೈಬಲ್ಲಿನ ಕೊನೆಯ ಪುಸ್ತಕ. ಗುರುತು ಅಲ್ಲಿ ಬರುವ ಒಂದು ಮೃಗದ್ದು, ಅದರ ಅಂಕಿ 666. ಆ ಮೃಗವೇ ಕ್ರಿಸ್ತವಿರೋಧಿ ಅನ್ನುವುದು ಕಾಕಾನ ಲೆಕ್ಕ. ಈ ಜ್ಞಾನ ಬಂದದ್ದು ವಾಟ್ಸಾಪಿನಿಂದ. ಮೊಬೈಲಿನಲ್ಲಿ ಮೃಗ ಇಲ್ಲವಂತೆ, ಚೌಕದಲ್ಲಿ ಮಾತ್ರ.

ಇದೇನು ಹೊಸ ರೋಗ ಅಲ್ಲ ಬಿಡಿ. ಚರ್ಚಿನ ಸುಧಾರಕ ಲೂಥರನಿಗೆ ಪೋಪರೇ ಕ್ರಿಸ್ತವಿರೋಧಿ. ಅಮೆರಿಕದಲ್ಲಿ ಕೆಲವರು ಅಧ್ಯಕ್ಷ ರೊನಾಲ್ಡ್ ವಿಲ್ಸನ್ ರೇಗನ್ ಹೆಸರಿನಲ್ಲಿ ಆರು, ಆರು, ಆರು ಇಂಗ್ಲಿಷ್ ಅಕ್ಷರ ಎಣಿಸಿದರು. ಕನ್ನಡದಲ್ಲಿ ಬರೆದಿದ್ದರೆ ಪಾಪ, ಪಾರಾಗುತ್ತಿದ್ದರು. ಅಧಿಕಾರ ಮುಗಿಸಿ ಹೋದ ಮನೆಯ ನಂಬರ್ 666. ಅದನ್ನು 668 ಮಾಡಿಸಿಕೊಂಡರು! ಬಾರ್‌ಕೋಡನ್ನೂ ಜನ ಬಿಡಲಿಲ್ಲ, ಅದೂ ಮೃಗದ ಗುರುತೇ ಅಂದರು. 1974ರಲ್ಲಿ ಅಂಗಡಿಯಲ್ಲಿ ಮೊದಲು ಸ್ಕ್ಯಾನ್ ಆದದ್ದು ಚೂಯಿಂಗ್ ಗಮ್ ಪೊಟ್ಟಣ. ಪ್ರಳಯಕ್ಕೆ ಅದೇ ಸಿಕ್ಕಿತ್ತು.

ಹೀಬ್ರೂದಲ್ಲಿ ಅಕ್ಷರವೇ ಅಂಕಿ. ರೋಮಿನ ಚಕ್ರವರ್ತಿ ನೀರೋನ ಹೆಸರನ್ನು 'ನೀರೋನ್ ಕೈಸರ್' ಅಂತ ಬರೆದು ಕೂಡಿಸಿದರೆ 666 ಬರುತ್ತದೆ. ಪ್ರಕಟನೆಯ ಕೆಲವು ಹಳೇ ಪ್ರತಿಗಳಲ್ಲಿ 616 ಇದೆ. ಹೆಸರಿನ ಒಂದು ಅಕ್ಷರ ಬಿಟ್ಟರೆ ಅದೂ ಸರಿಹೊಂದುತ್ತದೆ. ಎರಡನೇ ಶತಮಾನದ ಬಿಷಪ್ ಇರೇನೇಯಸ್ ತಾನೇ ಮೂರು ಹೆಸರುಗಳ ಅಕ್ಷರ ಕೂಡಿಸಿ ನೋಡಿದ ಮೇಲೆ, 'ಅವಸರ ಮಾಡಬೇಡಿ' ಎಂದಿದ್ದ. ಅವನ ಕಾಲದಲ್ಲಿ ಫಾರ್ವರ್ಡ್ ಇರಲಿಲ್ಲ ನೋಡಿ.

ಇತ್ತ ನಮ್ಮ ಓಣಿಯ ಒಬ್ಬರಿಗೆ ಹೊಸ ಗಾಡಿಗೆ 0666 ನಂಬರೇ ಬೇಕು. ಕೂಡಿದರೆ ಹದಿನೆಂಟು, ಅದನ್ನೂ ಕೂಡಿದರೆ ಒಂಬತ್ತು, ಲಕ್ಕಿ. ಕಾಕಾನ ಮೃಗ ಅವರಿಗೆ ಲಕ್ಷ್ಮಿ!

ನಾನೂ ಸುಮ್ನೆ ಕೂರಲಿಲ್ಲ. ಕ್ರಿಸ್ತವಿರೋಧಿ ಎಂಬ ಪದ ಪ್ರಕಟನೆಯಲ್ಲಿ ಇಲ್ಲವೇ ಇಲ್ಲ. ಇರುವುದು ಯೋಹಾನನ ಮೊದಲ ಎರಡು ಪತ್ರಿಕೆಗಳಲ್ಲಿ. ಅಲ್ಲೂ ಮುಂದೆ ಬರುವ ಒಬ್ಬನ ಮಾತಷ್ಟೇ ಅಲ್ಲ, ಈಗಲೇ ಬಹಳ ಮಂದಿ ಎದ್ದಿದ್ದಾರೆ ಅಂತಿದೆ. ಆ ವಚನ ತೆಗೆದು ತೋರಿಸಿದೆ. ಕಾಕಾ ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು.

"ಬಹಳ ಮಂದಿ?"

ಅಂಗಡಿಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ನನ್ನನ್ನು ಸ್ವಲ್ಪ ಜಾಸ್ತಿ ಹೊತ್ತು.

ಎರಡು ಚಹಾ, ಒಂದು ಪ್ಲೇಟ್ ಮಿರ್ಚಿ. ಬಿಲ್ ಬಂತು. ಕಾಕಾ ಚೌಕದಿಂದ ಮುಖ ತಿರುಗಿಸಿಕೊಂಡರು.

"ನೀನ ಸ್ಕ್ಯಾನ್ ಮಾಡಪಾ. ನಿಂದು ಹೆಂಗೂ ಕೆಟ್ಟೈತಿ."