ಆಲಾಪನೆ ಇಲ್ಲದೆ, ಪುನರಾವರ್ತನೆ ಇಲ್ಲದೆ

ನಾಡಗೀತೆಯನ್ನು ಆಲಾಪನೆ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿರಬೇಕು. ಧಾಟಿ ಯಾರದ್ದು ಎಂಬ ಜಗಳ, ಅದಕ್ಕೊಂದು ಸಮಿತಿ, ಸಮಿತಿಯ ಮೇಲೊಂದು ಸಮಿತಿ, ಕೊನೆಗೆ ಹೈಕೋರ್ಟು. ಆ ಪುರಾಣ ಈಗ ಬೇಡ. 2004ರಲ್ಲಿ ನಾಡಗೀತೆಯಾದ ಹಾಡಿಗೆ ಗಡಿಯಾರ ಕಟ್ಟಲು 18 ವರ್ಷ ಹಿಡಿಯಿತು, ಅಷ್ಟೆ. ವಯಸ್ಸಾದವರಿಗೆ ಅಷ್ಟು ಹೊತ್ತು ನಿಲ್ಲುವುದು ಕಷ್ಟ ಎಂಬುದು ಅವಧಿ ಮೊಟಕು ಮಾಡಲು ಕೇಳಿಬಂದ ಕಾರಣಗಳಲ್ಲೊಂದು. ನಿಜ, ಕಷ್ಟವೇ. ಈಗ ಹಾಡು ನೂರೈವತ್ತು ಸೆಕೆಂಡಿಗೆ ನಿಲ್ಲುತ್ತದೆ, ವಯಸ್ಸಾದವರು ಉಸ್ಸೆಂದು ಕೂರುತ್ತಾರೆ. ಆಮೇಲೆ ಸ್ವಾಗತ ಭಾಷಣಕ್ಕೆ ಒಬ್ಬರು ಏಳುತ್ತಾರೆ. ಅಷ್ಟು ಹೊತ್ತು ಕೂರುವುದು ಕಷ್ಟ ಅಂತ ಯಾವ ಸಮಿತಿಗೂ ಇನ್ನೂ ಹೊಳೆದಿಲ್ಲ.

ಆದ್ದರಿಂದ ಒಂದು ಸಲಹೆ. ಸಭೆ, ಗೋಷ್ಠಿ, ಸಂವಾದ, ಉಪನ್ಯಾಸಗಳಲ್ಲಿ ಇನ್ನು ಮುಂದೆ ಹೊತ್ತನ್ನು ನಾಡಗೀತೆಯಲ್ಲೇ ಅಳೆಯೋಣ. ಸರ್ಕಾರದ ಮೊಹರು ಬಿದ್ದ ಅಳತೆ. ಸೇರು, ಪಾವಿನ ಹಾಗೆ ಊರಿಗೊಂದು ಲೆಕ್ಕವಿಲ್ಲ. ಭಾಷಣಕಾರರಿಗೆ ಕೊಟ್ಟ 15 ನಿಮಿಷ ಎಂದರೆ ಆರು ನಾಡಗೀತೆ. ಹತ್ತೂವರೆಗೆಂದು ಅಚ್ಚು ಹಾಕಿಸಿದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾದರೆ ಇಪ್ಪತ್ನಾಲ್ಕು ನಾಡಗೀತೆ. ಆಹ್ವಾನ ಪತ್ರಿಕೆಯ ತಳದಲ್ಲಿ ‘ಹತ್ತು ನಿಮಿಷ ಮುಂಚಿತವಾಗಿ ಆಸೀನರಾಗಲು ಕೋರಿಕೆ’ ಎಂದು ಇರುತ್ತದಲ್ಲ, ಅದನ್ನು ನಂಬಿ ಬಂದ ನಿವೃತ್ತ ಮೇಷ್ಟ್ರಿಗೆ ಇನ್ನೂ ನಾಲ್ಕು ಹೆಚ್ಚು.

ವೇದಿಕೆಯ ಲೆಕ್ಕ ನೋಡಿ. ಮೇಲೆ ಕೂತವರು 14 ಮಂದಿ. ಒಬ್ಬೊಬ್ಬರನ್ನೂ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ, ನಮ್ಮೆಲ್ಲರ ಹೆಮ್ಮೆಯೂ ಆದ’ ಎಂಬ ಒಗ್ಗರಣೆ ಹಾಕಿ ಹೆಸರಿಸಲು ಆರು ಸೆಕೆಂಡು. ಒಟ್ಟು 84. ಮಾತಾಡುವವರು ಒಂಬತ್ತು ಜನ. ಒಂಬತ್ತೂ ಜನ ಹದಿನಾಲ್ಕೂ ಹೆಸರು ಒಪ್ಪಿಸುತ್ತಾರೆ. 756 ಸೆಕೆಂಡು. ಐದು ನಾಡಗೀತೆ ಮುಗಿದು ಆರನೆಯದರ ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಸಭಿಕರಿಗೆ ತಿಳಿದಿರುವುದು ಇಷ್ಟೇ: ವೇದಿಕೆಯ ಮೇಲೆ ಜನ ಕೂತಿದ್ದಾರೆ. (ತಮ್ಮ ಹೆಸರು ತಾವೇ ಹೇಳಿಕೊಳ್ಳುವುದಿಲ್ಲವಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ಆ ಕೊರತೆಯನ್ನು ನಿರೂಪಕರು ಒಂದು ಚುಟುಕದ ಸಮೇತ ತುಂಬಿಕೊಡುತ್ತಾರೆ.)

ಸರ್ಕಾರಿ ದುಡ್ಡಿನ ಕಾರ್ಯಕ್ರಮವಾದರೆ ಶಿಷ್ಟಾಚಾರ ಬೇರೆ. ಶಾಸಕರು, ಸಂಸದರು, ವಿಧಾನ ಪರಿಷತ್ತಿನ ಸದಸ್ಯರು ಎಂದು ಆಹ್ವಾನ ಪತ್ರಿಕೆ ಮಡಿಕೆ ಮೇಲೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಂದು ಹೆಸರು ಬಿಟ್ಟುಹೋದರೆ ಹಕ್ಕುಚ್ಯುತಿ. ಗೋಷ್ಠಿಯಲ್ಲಿ ಯಾರು ಯಾವ ವಿಷಯ ಮಾತಾಡುತ್ತಾರೆ ಎಂಬುದು ಕೊನೆಯ ಮಡಿಕೆಯಲ್ಲಿ, ಸಕ್ಕರೆ ಡಬ್ಬಿಯ ಹೊರಗೆ ಸತ್ತುಬಿದ್ದ ಇರುವೆ ಸಾಲಿನಂತೆ. ಹೆಸರು ಹಾಕಿಸಿಕೊಂಡವರಲ್ಲಿ ಮುಕ್ಕಾಲು ಜನ ಬರುವುದಿಲ್ಲ. ಬಂದವರು ‘ಇನ್ನೊಂದು ಕಾರ್ಯಕ್ರಮ ಇರುವುದರಿಂದ’ ಮೊದಲೇ ಮಾತಾಡಿ ಎದ್ದುಬಿಡುತ್ತಾರೆ. ಅವರ ಹಿಂದೆ ಗನ್‌ಮ್ಯಾನು, ಗನ್‌ಮ್ಯಾನ್ ಹಿಂದೆ ಹಿಂಬಾಲಕರು, ಹಿಂಬಾಲಕರ ಹಿಂದೆ ಕ್ಯಾಮೆರಾದವರು. ಇಷ್ಟು ಜನ ಖಾಲಿಯಾದ ಮೇಲೆ ನಿರೂಪಕರು ಹೇಳುತ್ತಾರೆ: ‘ಈಗ ಗೋಷ್ಠಿ’.

2021ರ ಆಗಸ್ಟಿನಲ್ಲಿ ಇನ್ನೊಂದು ಸುತ್ತೋಲೆ ಬಂದಿತ್ತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಿ ಎಂದು. ಒಳ್ಳೆಯ ಮಾತು. ಕೆಲವು ಕಡೆ ಅದನ್ನು ಅಕ್ಷರಶಃ ಪಾಲಿಸಿ ಪುಸ್ತಕ ಕೊಡುತ್ತಾರೆ. ಅದರ ಜೊತೆಗೆ ಹಾರ, ತುರಾಯಿ, ಶಾಲು ಮತ್ತು ಹಣ್ಣಿನ ಬುಟ್ಟಿ.

ದೀಪ ಹಚ್ಚುವುದರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಐದು ಬತ್ತಿಯ ದೀಪಕ್ಕೆ ಐದು ಗಣ್ಯರು ಎಂದುಕೊಂಡಿರುತ್ತಾರೆ, ಹತ್ತಿರ ಹೋದಾಗ ಹನ್ನೊಂದು ಕೈ. ಬತ್ತಿಯನ್ನು ಎಣ್ಣೆಯಲ್ಲಿ ನೆನೆಸದೆ ಒಣದಾಗಿ ಮೇಲೆ ಇಟ್ಟಿರುತ್ತಾರೆ, ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿರುತ್ತದೆ. ಬತ್ತಿ ಹೇಗೆ ಹತ್ತೀತು? ಅರ್ಧ ಗಂಟೆ ಮುಂಚೆ ಬತ್ತಿಯನ್ನು ಪೂರ್ತಿ ಎಣ್ಣೆಗದ್ದಿ, ತುದಿಗೆ ಚಿಟಿಕೆ ಕರ್ಪೂರ ಉಜ್ಜಿ, ವೇದಿಕೆಯ ಫ್ಯಾನು ಆರಿಸಿದರೆ ಹತ್ತು ಸೆಕೆಂಡಿನ ಕೆಲಸ. ಮಾಡುವುದಿಲ್ಲ. ದೀಪವೇ ಬೇಡವೆಂದು ಗಿಡಕ್ಕೆ ನೀರೆರೆದು ಉದ್ಘಾಟಿಸುವ ಪ್ರಗತಿಪರರು ತಂಬಿಗೆ ತರುವುದನ್ನು ಮರೆತು, ಗಣ್ಯರ ಮುಂದಿಟ್ಟ ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾರೆ.

ಇನ್ನು ಮೈಕು. ದಿನಕ್ಕೆರಡು ಸಭೆಯ ಹಾಗೆ ಮೂವತ್ತು ವರ್ಷ ಮೈಕಿನ ಮುಂದೆ ನಿಂತವರಿಗೂ ಅದು ಏನು ಬೇಡುತ್ತದೆ ಅಂತ ತಿಳಿದಿರುವುದಿಲ್ಲ. ಬಂದವರೇ ಬೆರಳಿನಲ್ಲಿ ಟಕಟಕ ಕುಟ್ಟುತ್ತಾರೆ. ಒಳಗಿರುವುದು ತೆಳ್ಳನೆಯ ಒಂದು ಪೊರೆ. ಅದಕ್ಕೆ ಇದು ಕೆನ್ನೆಗೆ ಬಿಗಿದ ಹಾಗೆ. ‘ಹಲೋ’ ಎಂದರೆ ಸಾಕು. ಆಮೇಲೆ ಮೈಕನ್ನು ಒಂದಡಿ ದೂರ ತಳ್ಳಿ ಮಾತು ಶುರು ಮಾಡುತ್ತಾರೆ, ವಿನಯ. ದನಿ ಸಾಲದೆ ಮೈಕಿನವರು ಮಿಕ್ಸರ್ ಗುಬುಟು ಏರಿಸುತ್ತಾರೆ. ಕುಂಯ್! ಮೈಕಿಗೆ ಹೊಕ್ಕ ದನಿ ಸ್ಪೀಕರಿನಿಂದ ಹೊರಬಂದು ಮತ್ತೆ ಅದೇ ಮೈಕಿಗೆ ಹೊಕ್ಕು ಮತ್ತೆ ಅದೇ ಸ್ಪೀಕರಿನಿಂದ ಬಂದು, ಹೀಗೆ ತನ್ನ ಸುತ್ತ ತಾನೇ ಸುತ್ತುವಾಗ ಹೊರಡುವ ಕೂಗು ಅದು. (ನಮ್ಮಲ್ಲಿ ಮುನ್ನುಡಿಗಳೂ ಹೀಗೇ ಹುಟ್ಟುತ್ತವೆ, ಇರಲಿ.)

ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ. ಮುಗಿಯಿತು. ದೂರ ಅರ್ಧಕ್ಕಿಳಿದರೆ ಮೈಕಿಗೆ ದಕ್ಕುವ ದನಿ 6 ಡೆಸಿಬಲ್ ಏರುತ್ತದೆ, ಗುಬುಟು ಮುಟ್ಟುವುದೇ ಬೇಡ. ಇನ್ನೊಂದು ಕಡೆ, ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕೂಗು ಏಳದ ಹಾಗೆ ದನಿ ಏರಿಸಲು ಉಳಿದ ಜಾಗ 3 ಡೆಸಿಬಲ್ ಕುಗ್ಗುತ್ತದೆ. ಸಂವಾದದಲ್ಲಿ ನಾಲ್ವರ ಕೈಗೂ ಮೈಕು ಕೊಟ್ಟು ನಾಲ್ಕನ್ನೂ ಆನ್ ಇಟ್ಟರೆ 6 ಡೆಸಿಬಲ್ ಹೋಯಿತು. ಒಬ್ಬರು ಹತ್ತಿರ ಹಿಡಿದು ಗಳಿಸಿದ್ದನ್ನು ಮೂವರು ಸುಮ್ಮನೆ ಕೂತು ಕಳೆದರು. ಸ್ಪೀಕರುಗಳು ಮೈಕಿಗಿಂತ ಮುಂದೆ ಇದ್ದು ಸಭಿಕರ ಕಡೆ ಮುಖ ಮಾಡಿರಬೇಕು. ಬ್ಯಾನರ್ ಮುಚ್ಚಿಹೋಗುತ್ತದೆ ಎಂದು ಅವನ್ನು ಹಿಂದಕ್ಕೆ ಸರಿಸುವವರು ಸಂಘದ ಕಾರ್ಯದರ್ಶಿ.

ಕಾರ್ಡ್‌ಲೆಸ್ ಮೈಕಿನ ಗುಂಡು ಜಾಲರಿಯನ್ನು ಐಸ್‌ಕ್ರೀಂ ಕೋನಿನ ಹಾಗೆ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರು ಮತ್ತೊಂದು ಪಂಗಡ. ಎದುರಿನ ದನಿಯನ್ನಷ್ಟೇ ಆರಿಸಿಕೊಳ್ಳಲು ಆ ಜಾಲರಿಯ ಹಿಂದೆ ಗಾಳಿಗಂಡಿಗಳಿರುತ್ತವೆ. ಅವನ್ನು ಮುಚ್ಚಿದರೆ ಮೈಕು ನಾಲ್ಕೂ ದಿಕ್ಕಿನ ಗದ್ದಲ ನುಂಗಿ ಮತ್ತೆ ಕುಂಯ್. ಬುಡ ಹಿಡಿದರೆ ಅಲ್ಲಿರುವ ಆಂಟೆನಾ ಕೈಯೊಳಗೆ ಅಡಗಿ ಮಾತು ತುಂಡುತುಂಡು. ನಡುವೆ ಹಿಡಿಯಬೇಕು. ಸನ್ಮಾನದ ಹೊತ್ತಿಡೀ ಆರಿಸದೆ ಬಿಟ್ಟ ಮೈಕಿನ ಶೆಲ್ಲು ಸರಿಯಾಗಿ ಮೂರನೆಯ ಭಾಷಣಕಾರರ ಎರಡನೆಯ ವಾಕ್ಯಕ್ಕೆ ಸಾಯುತ್ತದೆ. ಬದಲಿ ಶೆಲ್ಲು ಯಾರ ಜೇಬಿನಲ್ಲೂ ಇಲ್ಲ.

ಇವೆಲ್ಲಕ್ಕೂ ಕಳಶವಿಟ್ಟ ಹಾಗೆ ಒಬ್ಬರು ‘ನನಗೆ ಮೈಕ್ ಬೇಡ, ನನ್ನದು ಮೇಷ್ಟ್ರ ಗಂಟಲು’ ಎನ್ನುತ್ತಾರೆ. ಚಪ್ಪಾಳೆ. ಹದಿನೈದನೆಯ ಸಾಲಿನವರಿಗೆ ಆ ಗಂಟಲು ಕೇಳುವುದು ಅದೇ ಕೊನೆ. ಮೈಕಿನ ತಂತಿಯಿಂದಲೇ ರೆಕಾರ್ಡ್ ಆಗುವ ವಿಡಿಯೊದಲ್ಲಿ ಅವರು ಮುಂದಿನ ಇಪ್ಪತ್ತು ವರ್ಷ ಮೂಕಾಭಿನಯ ಮಾಡುತ್ತಿರುತ್ತಾರೆ. ಮಿಕ್ಸರ್ ಮುಂದೆ ಕೂತ ಹುಡುಗನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವನನ್ನು ಸೈಡ್ ವಿಂಗಿನ ಪರದೆಯ ಹಿಂದೆ ಕೂರಿಸಿದ್ದಾರೆ. ಸಭಾಂಗಣಕ್ಕೆ ಏನು ಕೇಳುತ್ತಿದೆ ಎಂದು ಗೊತ್ತಿರದ ಒಬ್ಬನೇ ಒಬ್ಬ ಮನುಷ್ಯ ಅವನು.

ಗೋಷ್ಠಿಗೆ ಬರೋಣ. ನಾಲ್ವರು ಪ್ರಬಂಧಕಾರರು, ತಲಾ ಆರು ನಾಡಗೀತೆ. ಕನ್ನಡದಲ್ಲಿ ತುಂಬ ಬರೆದ ಒಂದು ಎ4 ಹಾಳೆಯನ್ನು ಎದುರಿಗಿರುವವರಿಗೆ ತಿಳಿಯುವ ಹಾಗೆ ಓದಲು ಸುಮಾರು ಮೂರು ನಿಮಿಷ ಬೇಕು. ಹದಿನೈದು ನಿಮಿಷಕ್ಕೆ ಐದು ಹಾಳೆ. ಮೊದಲನೆಯವರು ತಂದಿರುವುದು ಹನ್ನೆರಡು, ಹಿಂದೆ ಮುಂದೆ ಎರಡೂ ಕಡೆ. ‘ಸಮಯದ ಅಭಾವದಿಂದ ಸಂಕ್ಷಿಪ್ತವಾಗಿ ಹೇಳುತ್ತೇನೆ’ ಎಂದು ಎರಡು ನಿಮಿಷ ವಿವರಿಸಿ, ಆಮೇಲೆ ಮೊದಲ ಹಾಳೆಯಿಂದ ಅಕ್ಷರ ಬಿಡದೆ ಓದುತ್ತಾರೆ.

ಅಧ್ಯಕ್ಷರು ಆಹ್ವಾನ ಪತ್ರಿಕೆಯ ಮೂಲೆ ಹರಿದು ‘2 ನಿಮಿಷ’ ಎಂದು ಬರೆಯುತ್ತಾರೆ. ಚೀಟಿ ಮೂರು ಕೈ ದಾಟಿ ಪೋಡಿಯಂ ತಲುಪುತ್ತದೆ. ಭಾಷಣಕಾರರು ಅದನ್ನೊಮ್ಮೆ ನೋಡಿ, ನಾಲ್ಕು ಮಡಿಕೆ ಮಾಡಿ, ನೀರಿನ ಲೋಟದ ಕೆಳಗಿಡುತ್ತಾರೆ. ‘ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಇನ್ನೆರಡೇ ಮಾತು.’ ಆ ಎರಡು ಮಾತು ಏಳು ನಾಡಗೀತೆಯಷ್ಟು. ನಡುವೆ ‘ಕೊನೆಯದಾಗಿ’ ಮೂರು ಸಲ, ‘ಕಟ್ಟಕಡೆಯದಾಗಿ’ ಎರಡು ಸಲ. ಎರಡನೆಯ ಚೀಟಿ ಮೊದಲನೆಯದರ ಮೇಲೆ ಕೂರುತ್ತದೆ. ಚೀಟಿ ಸಾಗಿಸುವುದು ಸಮಯ ಮುಗಿದ ಮೇಲೆ, ಅದೇ ತಪ್ಪು. ಐದು ನಿಮಿಷ ಇರುವಾಗ ಒಮ್ಮೆ, ಒಂದು ನಿಮಿಷ ಇರುವಾಗ ಒಮ್ಮೆ, ಅಂಗೈ ಅಗಲದ ಅಕ್ಷರದ ರಟ್ಟನ್ನು ಮುಂದಿನ ಸಾಲಿನಿಂದ ಎತ್ತಿ ತೋರಿಸಬೇಕು. ಅದು ಸಭಿಕರಿಗೂ ಕಾಣುವುದರಿಂದ ಮಡಿಚಿಡಲು ಬರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಅಧ್ಯಕ್ಷರು ಎದ್ದು ಹೋಗಿ ಪೋಡಿಯಂ ಪಕ್ಕ ಸುಮ್ಮನೆ ನಿಲ್ಲಬೇಕು. ಪಕ್ಕದಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತ ನಿಂತಿದ್ದರೆ ಎಂಥ ಹನ್ನೆರಡು ಹಾಳೆಯೂ ಒಂದು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ಅಧ್ಯಕ್ಷರು ಏಳುವುದಿಲ್ಲ. ನಾಳೆ ಆ ಭಾಷಣಕಾರರು ಅಧ್ಯಕ್ಷರಾಗಿರುವ ಗೋಷ್ಠಿಯಲ್ಲಿ ಇವರು ಹನ್ನೆರಡು ಹಾಳೆ ಓದಬೇಕಿದೆ.

ತಮಾಷೆ ಇಲ್ಲಿಗೆ ಸಾಕು. ನಾಲ್ಕನೆಯವರು ಸಾಮಾನ್ಯವಾಗಿ ವಯಸ್ಸಿನಲ್ಲಿ ಚಿಕ್ಕವರು, ಹೆಚ್ಚಿನ ಸಲ ಹೆಣ್ಣುಮಗಳು. ರಾತ್ರಿ ಬಸ್ಸಿನಲ್ಲಿ ಬಂದಿರುತ್ತಾರೆ. ಆ ನಾಲ್ವರಲ್ಲಿ ವಿಷಯಕ್ಕೆಂದು ಓದಿ, ಟಿಪ್ಪಣಿ ಮಾಡಿ, ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹದಿನೈದು ನಿಮಿಷಕ್ಕೆ ಹೊಂದಿಸಿಕೊಂಡು ಬಂದವರು ಅವರೊಬ್ಬರೇ. ಊಟಕ್ಕೆ ಬಿಡುವ ಹೊತ್ತಾಗಿರುತ್ತದೆ, ಹೊರಗೆ ಬಡಿಸುವ ಸದ್ದು ಕೇಳುತ್ತಿರುತ್ತದೆ. ನಿರೂಪಕರು ಕಿವಿಯಲ್ಲಿ ‘ಐದು ನಿಮಿಷದಲ್ಲಿ ಮುಗಿಸಿಬಿಡಿ ಮೇಡಂ’ ಎನ್ನುತ್ತಾರೆ. ಅವರ ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹದಿನಾಲ್ಕು ಹೆಸರಿಗೆ ಹೋಯಿತು, ಹತ್ತದ ಬತ್ತಿಗೆ ಹೋಯಿತು, ಲೋಟದ ಕೆಳಗಿನ ಚೀಟಿಗೆ ಹೋಯಿತು. ಅವರು ಮೂರು ಹಾಳೆ ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು, ಮುಖ್ಯವಾದ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕ್ಷಮೆ ಕೇಳಿ ಕೂರುತ್ತಾರೆ. ಅವರೇ ಕ್ಷಮೆ ಕೇಳುತ್ತಾರೆ! ಇದನ್ನು ವರ್ಷಗಟ್ಟಲೆ ಎದುರಿಗೆ ಕೂತು ನೋಡಿ ಚಪ್ಪಾಳೆ ತಟ್ಟುವ ನಮಗೂ ನಾಚಿಕೆ ಇಲ್ಲ. ಅಧ್ಯಕ್ಷೀಯ ನುಡಿ ಮಾತ್ರ ಇಪ್ಪತ್ತೈದು ನಿಮಿಷ, ಆಲಾಪನೆ ಸಹಿತ. ಹಿಂದಿನ ಮೂವರು ಹೇಳಿದ್ದರ ಪುನರಾವರ್ತನೆಯೂ ಸೇರಿ.

ಇಷ್ಟಾದರೂ ಹೋಗಲೇಬೇಕು ಎನ್ನುವವರಿಗೆ: ಮುಂದಿನ ಎರಡು ಸಾಲು ಬಿಡಿ, ಗಣ್ಯರು ಬಂದಾಗ ಎಬ್ಬಿಸುತ್ತಾರೆ. ಮೂರು ನಾಲ್ಕನೆಯ ಸಾಲಿಗೆ ವಿಡಿಯೊದವರ ಟ್ರೈಪಾಡ್ ಅಡ್ಡ. ಬಾಲ್ಕನಿಯ ಸೂರಿನ ಕೆಳಗೆ ದನಿ ಮಂಕು, ಪಕ್ಕದ ಸ್ಪೀಕರಿನ ಬುಡದಲ್ಲಿ ಕಿವುಡು. ಐದರಿಂದ ಏಳನೆಯ ಸಾಲು, ನಡುದಾರಿಯ ಅಂಚಿನ ಕುರ್ಚಿ ಹಿಡಿಯಿರಿ. ಎರಡೂ ಸ್ಪೀಕರಿನ ದನಿ ಹೆಚ್ಚುಕಡಿಮೆ ಒಟ್ಟಿಗೆ ತಲುಪುತ್ತದೆ, ಎದ್ದು ಹೋಗಲೂ ಸಲೀಸು. ನಾಲ್ಕನೆಯವರ ಮಾತು ಬೇಕಿದ್ದರೆ ಊಟದ ಸಾಲಿನಲ್ಲಿ ಅವರ ಹಿಂದೆ ನಿಂತುಕೊಳ್ಳಿ. ಬಿಟ್ಟ ಮೂರು ಹಾಳೆಯಲ್ಲಿ ಏನಿತ್ತು ಎಂದು ಕೇಳಿದರೆ ತಟ್ಟೆ ಕೈಯಲ್ಲಿ ಹಿಡಿದು ಹೇಳುತ್ತಾರೆ.

ಸಂವಾದದಲ್ಲಿ ಪ್ರಶ್ನೆ ಕೇಳುವ ಆಸೆ ಬೇಡ. ಮೈಕು ಆಗಲೇ ‘ಇದು ಪ್ರಶ್ನೆಯಲ್ಲ, ನನ್ನದೊಂದು ಅನಿಸಿಕೆ’ ಎನ್ನುವವರ ಕೈ ಸೇರಿರುತ್ತದೆ, ಕಂಕುಳಲ್ಲಿ ಫೈಲು ಬೇರೆ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಡುದಾರಿಯಲ್ಲಿ ನಿಲ್ಲಿಸಿ, ಕೇಳುವವರೇ ಅಲ್ಲಿಗೆ ಬಂದು ನಿಲ್ಲಲಿ ಎಂದರೆ ಈ ಅನಿಸಿಕೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತು ಕೆಮ್ಮುತ್ತಿದ್ದರೆ ಫೈಲು ಬಿಚ್ಚಲು ಧೈರ್ಯ ಬರುವುದಿಲ್ಲ.

ವಂದನಾರ್ಪಣೆ ಹೊತ್ತಿಗೆ ಒಳಗೆ ಉಳಿದವರು ಹನ್ನೊಂದು ಜನ. ಹದಿನಾಲ್ಕೂ ಹೆಸರು ಮತ್ತೊಮ್ಮೆ, ಆಮೇಲೆ ಅಡುಗೆಯವರು, ಹೂವಿನವರು, ಪತ್ರಿಕೆಯವರು. ‘ತಾಳ್ಮೆಯಿಂದ ಕೂತ ಸಭಿಕರಿಗೆ’ ಎನ್ನುವಷ್ಟರಲ್ಲಿ ಮೈಕು ಸತ್ತಿರುತ್ತದೆ; ಮಿಕ್ಸರ್ ಹುಡುಗ ಆಗಲೇ ವೈರು ಸುತ್ತುತ್ತಿದ್ದಾನೆ. ಅಂಗೈಗೂ ಮೊಣಕೈಗೂ ಬಿಗಿಯಾಗಿ, ಬೇಗಬೇಗ. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಎಳೆಎಳೆಯಾಗಿ ತುಂಡಾಗುತ್ತ ಬರುತ್ತದೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ಇನ್ನೊಂದು ಊರಿನ ಗೋಷ್ಠಿಯಲ್ಲಿ ಅದೇ ವೈರು ಕರ್ ಕರ್ ಎನ್ನಬೇಕಲ್ಲ.