ನಿಕ್ ಫೋಲ್ಸ್ ಒಂದೇ ಮ್ಯಾಚಿನ ಹೀರೋ ಅಲ್ಲ

ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ (ಬಾಲ್ ಪಾಸ್ ಮಾಡಿ ಆಟ ನಡೆಸೋನು) ನಿಕ್ ಫೋಲ್ಸ್ ಅದಕ್ಕೂ ಮುಂಚೆ ಬೆಂಚ್ ಬಿಟ್ಟು ಎದ್ದೇ ಇರ್ಲಿಲ್ಲ, ಅದೃಷ್ಟದಿಂದ ಹೀರೋ ಆದ ಅಂತ ಒಂದು ಪೋಸ್ಟ್ ಓಡಾಡ್ತಿದೆ. ಇದು ತಪ್ಪು. ಅವ್ನನ್ನ ಫಿಲಡೆಲ್ಫಿಯಾ ಈಗಲ್ಸ್ ತಂಡ 2012ರಲ್ಲೇ ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನ ಆರಿಸೋದು) ಮೂರನೇ ರೌಂಡಲ್ಲಿ ತಗೊಂಡಿತ್ತು, 2013ರ ಸೀಸನ್ನಲ್ಲಿ 27 ಟಚ್‌ಡೌನ್ ಪಾಸ್ (ಆರು ಅಂಕ ತರೋ ಎಸೆತ) ಹಾಕಿ ಬರೀ 2 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಕೊಟ್ಟಿದ್ದ, ಅದ್ರಲ್ಲೂ ಓಕ್ಲೆಂಡ್ ರೈಡರ್ಸ್ ಮೇಲೆ ಒಂದೇ ಮ್ಯಾಚಲ್ಲಿ 7 ಟಚ್‌ಡೌನ್ ಪಾಸ್, ಅದು ಲೀಗ್ ದಾಖಲೆಗೆ ಸಮ. ಇದನ್ನ ಮರೆತು ಮಾತಾಡೋದು ಅನ್ಯಾಯ ಕಣ್ರೀ.

ಆಮೇಲೆ ಇಳಿಜಾರು ನಿಜ. 2015ರಲ್ಲಿ ರ‍್ಯಾಮ್ಸ್‌ಗೆ ಟ್ರೇಡ್ ಆದ, ಅಲ್ಲಿ ಜಾಗ ಕಳ್ಕೊಂಡ, ಆಟಾನೇ ಬಿಟ್ಬಿಡೋಣ ಅಂತ ಯೋಚನೆ ಮಾಡಿದ್ದ, 2016ರಲ್ಲಿ ಕ್ಯಾನ್ಸಸ್ ಸಿಟಿ ತಂಡದಲ್ಲಿ ಬ್ಯಾಕಪ್ ಆಗಿದ್ದು 2017ಕ್ಕೆ ಮತ್ತೆ ಈಗಲ್ಸ್‌ಗೆ ಬಂದ. ಡಿಸೆಂಬರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲಿಗೆ ಪೆಟ್ಟಾದಾಗ ಇವನಿಗೆ ಚಾನ್ಸ್ ಸಿಕ್ತು, ಅಷ್ಟು ಮಾತ್ರ ಅದೃಷ್ಟ.

2018 ಫೆಬ್ರವರಿ 4ಕ್ಕೆ ಮಿನಿಯಾಪೊಲಿಸಲ್ಲಿ ನಡೆದ ಸೂಪರ್ ಬೌಲಲ್ಲಿ ಪೇಟ್ರಿಯಟ್ಸ್ ತಂಡದ ಮೇಲೆ 41-33 ಗೆಲುವು. ಪಾಸಲ್ಲಿ 373 ಯಾರ್ಡ್ ದೂರ, 3 ಟಚ್‌ಡೌನ್ ಪಾಸ್, ಜೊತೆಗೆ ತನ್ನದೇ ತಂಡದ ಟ್ರೇ ಬರ್ಟನ್ ಎಸೆದ ಬಾಲ್ ಹಿಡಿದು ತಾನೇ ಇನ್ನೊಂದು ಟಚ್‌ಡೌನ್ (ನಾಲ್ಕನೇ ಡೌನಲ್ಲಿ, ಅಂದ್ರೆ ಕೊನೇ ಪ್ರಯತ್ನದಲ್ಲಿ, ಎಂಥಾ ಧೈರ್ಯ ನೋಡಿ!), ಎಂವಿಪಿ (ಪಂದ್ಯಶ್ರೇಷ್ಠ) ಕೂಡ ಅವ್ನೇ. ಪೋಸ್ಟ್ ಹಂಚಿದೋರು ದಯವಿಟ್ಟು ತಿದ್ಕೊಳ್ಳಿ.