ಪಾನಾ ಹಿಡಿದ ಕೈಗೆ ಬಂದೂಕಿನ ಸನ್ಮಾನ

ಬೀದರಿನಲ್ಲಿ ವಿಮಾನದ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಬೆಳಿಗ್ಗೆ ಇಲ್ಲಿನ ವಾಯುಪಡೆ ನೆಲೆಯಿಂದ ಪೈಲಟ್‌ಗಳ ತರಬೇತಿಯ ಹಾಕ್ ವಿಮಾನ ಏಳುತ್ತದೆ, ಚಹಾದಂಗಡಿಯ ಮಾತು ಅರ್ಧಕ್ಕೆ ನಿಲ್ಲುತ್ತದೆ, ವಿಮಾನ ದೂರ ಹೋದ ಮೇಲೆ ಅದೇ ಅರ್ಧದಿಂದ ಮುಂದುವರಿಯುತ್ತದೆ. 2008ರಿಂದ ಈ ಹಾಕ್‌ಗಳು ಇಲ್ಲಿವೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ, 1996ರಲ್ಲಿ. ಹಾಗಾಗಿ ವಾಯುಪಡೆ ಅಂದರೆ ಏನು ಅಂತ ನಮ್ಮೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತಲೇ ನಮ್ಮೆಲ್ಲರ ನಂಬಿಕೆ. ಆಗಸ್ಟ್ 15 ಬಂದಾಗ ಮಾತ್ರ ಫ್ಲೆಕ್ಸ್‌ಗಳು ನಿಜ ಹೇಳಿಬಿಡುತ್ತವೆ.

ನಮ್ಮ ಓಣಿಯ ಕಾಕಾ ಒಬ್ಬರು ವಾಯುಪಡೆಯಲ್ಲಿ 20 ವರ್ಷ ಇದ್ದು, ಸಾರ್ಜೆಂಟ್ ಆಗಿ ನಿವೃತ್ತರಾದವರು. ಟ್ರೇಡು ಎಂಜಿನ್ ಫಿಟ್ಟರ್, ಅಂದರೆ ಪಾನಾ (ಸ್ಪ್ಯಾನರ್) ಹಿಡಿದು ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ. ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಫ್ಲೆಕ್ಸ್‌ನಲ್ಲಿ ಕಾಕಾನ ಪಾಸ್‌ಪೋರ್ಟ್ ಫೋಟೊದ ತಲೆ, ಅದರ ಕೆಳಗೆ ಯಾವುದೋ ಕಮಾಂಡೊನ ಮೈ, ಕೈಯಲ್ಲಿ ಮಷಿನ್‌ಗನ್. ಸುತ್ತಲೂ ಶುಭ ಕೋರುವವರ ಮುಖಗಳು, ಎಲ್ಲವೂ ಕಾಕಾನ ಮುಖಕ್ಕಿಂತ ದೊಡ್ಡವು. ಹಿಂದೆ ಹಾರುತ್ತಿದ್ದದ್ದು ಎಫ್-35. ಅಮೆರಿಕದ ವಿಮಾನ. ಯಲಹಂಕದ ಏರ್ ಶೋಗೆ ನೆಂಟನ ಹಾಗೆ ಬಂದು ಹೋಗಿದೆ, ಅಷ್ಟೆ. ನಮ್ಮ ವಾಯುಪಡೆಯಲ್ಲಿ ಅದು ಒಂದೂ ಇಲ್ಲ.

"ಇದು ನಮ್ದಲ್ಲಪಾ" ಅಂದರು ಕಾಕಾ.

"ನೆಟ್‌ನಾಗ ಹುಡುಕಿದ್ರ ಇದೇ ಬಂತ್ರಿ ಕಾಕಾ. ಚಂದ ಕಾಣ್ತದ, ಇರ್ಲಿ ಬಿಡ್ರಿ" ಅಂದ ಡಿಸೈನ್ ಮಾಡಿದ ಹುಡುಗ.

ಟೀವಿಯಲ್ಲಿ ರಾತ್ರಿ ಒಂಬತ್ತಕ್ಕೆ ಕೂತು ದೇಶಕ್ಕೆ ಯಾವ ವಿಮಾನ ಬೇಕು ಅಂತ ತೀರ್ಮಾನಿಸುವವರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಚಂದ ಕಾಣಬೇಕು. ಕೆಟ್ಟರೆ ಬಿಚ್ಚುವವರು ಯಾರು, ಬಿಡಿಭಾಗ ಎಲ್ಲಿಂದ ಬರಬೇಕು ಅನ್ನುವ ಮಾತೇ ಇಲ್ಲ. 2025ರ ಜೂನ್‌ನಲ್ಲಿ ಬ್ರಿಟನ್ನಿನ ಎಫ್-35 ಒಂದು ತಿರುವನಂತಪುರದಲ್ಲಿ ಇಳಿದು, ಹೈಡ್ರಾಲಿಕ್ಸ್ ಕೈಕೊಟ್ಟು, ಒಂದು ತಿಂಗಳಿಗೂ ಜಾಸ್ತಿ ಅಲ್ಲೇ ಕೂತಿತ್ತಲ್ಲ? ಜಗತ್ತಿನ ಅತಿ ದುಬಾರಿ ವಿಮಾನಗಳಲ್ಲಿ ಒಂದು, ಕೇರಳದ ಮಳೆಯಲ್ಲಿ ನೆನೆಯುತ್ತ. ಕೊನೆಗೆ ಅದನ್ನು ಎಬ್ಬಿಸಿ ಕಳಿಸಿದ್ದು ಬ್ರಿಟನ್ನಿನಿಂದ ಬಂದ ಫಿಟ್ಟರ್‌ಗಳ ತಂಡ. ಆಗ ಕಾಕಾ ದಿನಾ ಪೇಪರ್ ತಿರುವಿ, "ಯಾರ್ ಬಂದಾರ, ಏನ್ ಬಿಚ್ಯಾರ, ಅದೊಂದು ಬಿಟ್ಟು ಎಲ್ಲಾ ಬರದಾರ" ಅನ್ನುತ್ತಿದ್ದರು.

ಸನ್ಮಾನದ ದಿನ ನಿರೂಪಕರು ಮೈಕ್ ಹಿಡಿದು, "ಗಡಿಯಲ್ಲಿ ಶತ್ರುಗಳ ಎದೆ ನಡುಗಿಸಿದ ವೀರಯೋಧ" ಅಂದರು. ಕಾಕಾ ಎದ್ದು ನಿಂತು, "ನಾ ಎಂಜಿನ್ ಫಿಟ್ಟರ್ ಇದ್ದೆರಿ" ಅಂತ ಶುರು ಮಾಡಿದರು. ಮುಂದಿನ ಸಾಲಿನಲ್ಲಿ ಆಗಲೇ ಆಕಳಿಕೆ.

ಅವರು ಹೇಳಿದ್ದು ನಿಜವಾಗಿ ಕೇಳುವಂಥದ್ದು. ಹ್ಯಾಂಗರ್‌ನಲ್ಲಿ ಪ್ರತಿಯೊಂದು ಪಾನಾಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಜಾಗ ಬರೆದಿರುತ್ತದೆ. ಕೆಲಸಕ್ಕೆ ಮುಂಚೆ ಎಣಿಕೆ, ಮುಗಿದ ಮೇಲೆ ಎಣಿಕೆ. ಒಂದು ಕಡಿಮೆ ಬಂದರೂ ವಿಮಾನ ಏಳುವುದಿಲ್ಲ, ಸಿಗುವ ತನಕ ಹುಡುಕಾಟ. ರನ್‌ವೇ ಮೇಲೆ ಸಾಲಾಗಿ ನಡೆದು ಒಂದೊಂದು ಹರಳು, ಒಂದೊಂದು ತಗಡಿನ ಚೂರು ಹೆಕ್ಕಬೇಕು, ಯಾಕೆಂದರೆ ಜೆಟ್ ಎಂಜಿನ್ ಎದುರಿಗೆ ಬಿದ್ದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. (ಹರಳು ಹೆಕ್ಕುವವರನ್ನು ಒಂದು ದಿನ ನಮ್ಮೂರ ರಸ್ತೆಗೆ ಬಿಟ್ಟರೆ ಒಂದು ಲಾರಿ ಖಡಿ ಸಿಗುತ್ತದೆ.) ಇಷ್ಟೆಲ್ಲ ಆದ ಮೇಲೆ ವಿಮಾನದ ದಾಖಲೆ ಪುಸ್ತಕವಾದ ಫಾರ್ಮ್ 700ರಲ್ಲಿ ಎಂಜಿನ್‌ನವರು, ಎಲೆಕ್ಟ್ರಿಕಲ್‌ನವರು, ಒಬ್ಬೊಬ್ಬ ಟ್ರೇಡಿನವರೂ ಸಹಿ ಹಾಕಬೇಕು. ಈ ಕೆಲಸ ನಾನು ಮಾಡಿದ್ದೇನೆ, ಹೆಚ್ಚುಕಡಿಮೆ ಆದರೆ ನನ್ನನ್ನು ಕೇಳಿ ಅಂತ. ಪೈಲಟ್ ಅದನ್ನು ಓದಿ, ತಾನೂ ಸಹಿ ಹಾಕಿ, ಆಮೇಲೆ ಹತ್ತುತ್ತಾನೆ.

"ಊರಾಗ ಪೈಪ್ ಹಾಕಿದೋರೂ ಹಿಂಗ ಸಹಿ ಹಾಕಿದ್ರ ಚಲೋ ಆಗ್ತದ" ಅಂದರು ಕಾಕಾ, ಸುಮ್ನೆ, ಯಾರ ಕಡೆಯೂ ನೋಡದೆ. ವೇದಿಕೆಯ ಮೇಲಿದ್ದ ಗುತ್ತಿಗೆದಾರರಿಗೆ ಅದೇ ಹೊತ್ತಿಗೆ ಒಂದು ಅರ್ಜೆಂಟ್ ಫೋನ್ ಬಂತು.

ಪ್ರಶ್ನೆ ಕೇಳಲು ಬಿಟ್ಟರು. ಮೊದಲ ಪ್ರಶ್ನೆ, "ಬಾರ್ಡರ್‌ನಾಗ ಇದ್ರೇನ್ರಿ?" ಕಾಕಾ ಜೋಧಪುರದ ಬೇಸಿಗೆಯಲ್ಲಿ ಮುಟ್ಟಿದರೆ ಬೊಬ್ಬೆ ಏಳುವ ವಿಮಾನದ ಮೈ ಬಗ್ಗೆ ಹೇಳಿದರು. 10,000 ಅಡಿಗಿಂತ ಮೇಲಿರುವ ಲೇಹ್‌ನಲ್ಲಿ ಕೈಗವಸು ತೆಗೆಯದೆ ನಟ್ಟು ಸಿಗುವುದಿಲ್ಲ, ತೆಗೆದರೆ ಬೆರಳು ಮಾತು ಕೇಳುವುದಿಲ್ಲ ಅಂದರು. ಎರಡನೇ ಪ್ರಶ್ನೆ, "ಎಷ್ಟು ಮಂದಿನ್ನ ಹೊಡದ್ರಿ?" ಮೂರನೆಯವರು ಸಭೆ ಮುಗಿಯುವ ತನಕ ಕಾದು, ತಮ್ಮ ಬೋರ್‌ವೆಲ್ ಮೋಟಾರು ಹಮ್ ಅನ್ನುತ್ತದೆ, ಏಳುವುದಿಲ್ಲ, ಒಮ್ಮೆ ನೋಡ್ರಿ ಅಂದರು. ನಿಜ ಹೇಳಬೇಕೆಂದರೆ ಇಡೀ ಸಭೆಯಲ್ಲಿ ಕಾಕಾನ ಕೆಲಸ ಏನು ಅಂತ ಅರ್ಥ ಮಾಡಿಕೊಂಡವರು ಇವರೊಬ್ಬರೇ.

ಸ್ಮರಣಿಕೆಯ ಸರದಿ ಬಂತು. ಮುಖ್ಯ ಅತಿಥಿಗಳಿಗೆ ಅಸಲಿ ಬಿದರಿ ಹೂದಾನಿ, ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸಿದ್ದು, ಬೆಳ್ಳಿಯ ಬಳ್ಳಿ ಕೂರಿಸಿದ್ದು. ಎರಕ ಹೊಯ್ದವರು, ಕೆತ್ತಿದವರು, ಬೆಳ್ಳಿ ಕೂರಿಸಿದವರು, ಯಾರ ಹೆಸರೂ ಅದರ ಮೇಲಿಲ್ಲ. ಕೊಡಿಸಿದವರ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿದೆ. ಕಾಕಾಗೆ ಪ್ಲಾಸ್ಟಿಕ್ಕಿನ ಟ್ರೋಫಿ, ಮೇಲೆ ಬಂದೂಕು ಹಿಡಿದ ಬಂಗಾರದ ಬಣ್ಣದ ಸಿಪಾಯಿ.

ಮರುವಾರ ಕಾಕಾ ಕೆಲಸ ಹುಡುಕಿ ಒಂದು ಸೆಕ್ಯುರಿಟಿ ಏಜೆನ್ಸಿಗೆ ಹೋದರು. ಮಾಜಿ ಸೈನಿಕ ಅಂದರೆ ನಮ್ಮಲ್ಲಿ ಅದೊಂದೇ ಬಾಗಿಲು. 2022ರಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಬಂದ ಮೇಲೆ ಈ ಬಾಗಿಲಿಗೆ ಇನ್ನೂ ನೂಕುನುಗ್ಗಲಾಗಲಿದೆ. 4 ವರ್ಷದ ಕೊನೆಗೆ ಪಡೆಯಲ್ಲಿ ಉಳಿಯುವುದು 100ಕ್ಕೆ 25 ಮಂದಿ, ಹೆಚ್ಚೆಂದರೆ.

"ಗನ್ ಲೈಸೆನ್ಸ್ ಅದೇನ್ರಿ?" ಕೇಳಿದರು ಏಜೆನ್ಸಿಯವರು.

"ಇಲ್ರಿ. ಜೆಟ್ ಎಂಜಿನ್ ಬಿಚ್ಚಿ ಜೋಡಿಸ್ತೀನಿ."

"ಅದೆಲ್ಲಾ ಬ್ಯಾಡ್ರಿ ಸಾಹೇಬ್ರ. ಎಂಜಿನಿಯರಿಂಗ್ ಕಾಲೇಜಿನ ಗೇಟ್ ಅದ. ಪ್ರಿನ್ಸಿಪಾಲರ ಕಾರ್ ಬಂದಾಗ ಸೆಲ್ಯೂಟ್ ಜೋರ್ ಇರ್ಬೇಕು ನೋಡ್ರಿ. ಮತ್ತ, ಯೂನಿಫಾರ್ಮ್ ರೊಕ್ಕ ಮೊದಲ್ನೇ ಪಗಾರದಾಗ ಕಟ್ ಆಗ್ತದ."